ದವಡೆಯೊಳಗೆ ಪ್ಲಾಸ್ಟಿಕ್‌ಗೆ ಎಷ್ಟು ಜಾಗ?

‘ಲೋಹವಿಲ್ಲದ ಇಂಪ್ಲಾಂಟ್ ಬಂದಿದೆಯಂತಲ್ಲ ಡಾಕ್ಟ್ರೇ, ಅದನ್ನೇ ಹಾಕಿ’ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ದವಡೆಯ ಮೂಳೆ ಕೊರೆದು ಲೋಹದ ತಿರುಪೊಂದನ್ನು ಇಳಿಸುತ್ತೇವೆ, ಅದು ಜೀವಮಾನವಿಡೀ ಅಲ್ಲೇ ಇರುತ್ತದೆ ಎಂದರೆ ಎಂಥವರಿಗೂ ಒಂದಿಷ್ಟು ಅಳುಕು ಆಗುತ್ತದೆ. ಅಂಥ ಹೊತ್ತಿನಲ್ಲಿ ‘ಪೀಕ್’ ಎಂಬ ಹೆಸರು ಕಿವಿಗೆ ಬೀಳುತ್ತದೆ. ಅದು ವಿಮಾನಕ್ಕೂ ಬಳಸುವ ಪ್ಲಾಸ್ಟಿಕ್, ಮೂಳೆಯಂತೆಯೇ ಬಾಗುತ್ತದೆ, ತುಕ್ಕಿಲ್ಲ, ಅಲರ್ಜಿಯಿಲ್ಲ, ಸ್ಕ್ಯಾನಿಂಗ್‌ಗೆ ಅಡ್ಡಿಯಿಲ್ಲ ಎಂದೆಲ್ಲ ಅದರ ಗುಣಗಾನ. ಇವುಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಆದರೆ ಬಾಯಿಯ ಯಾವ ಭಾಗದಲ್ಲಿ ನಿಜ, ಯಾವ ಭಾಗದಲ್ಲಿ ನಿಜವಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಮೊದಲು ಇಂಪ್ಲಾಂಟ್ ಅನ್ನೇ ಬಿಡಿಸಿ ನೋಡೋಣ. ನಾವು ಒಂದೇ ಹೆಸರಿನಿಂದ ಕರೆಯುವ ಈ ವಸ್ತುವಿಗೆ ಮೂರು ಭಾಗಗಳಿವೆ. ಮೂಳೆಯೊಳಗೆ ಕೂರುವ ತಿರುಪು ಒಂದು. ಅದು ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ದಪ್ಪ, 8ರಿಂದ 13 ಮಿಲಿಮೀಟರ್ ಉದ್ದ. ಅದರ ನೆತ್ತಿಯ ಮೇಲೆ, ವಸಡನ್ನು ದಾಟಿ ಬರುವ ಗೂಟದಂಥ ಭಾಗ ಎರಡನೆಯದು. ವೈದ್ಯರು ಇದನ್ನು ಅಬಟ್‌ಮೆಂಟ್ ಎನ್ನುತ್ತಾರೆ. ಕನ್ನಡಿಯಲ್ಲಿ ಕಾಣುವ ಹಲ್ಲು, ಅಂದರೆ ಕ್ಯಾಪ್, ಮೂರನೆಯದು. ಹಲವು ಹಲ್ಲುಗಳನ್ನು ಒಟ್ಟಿಗೆ ಕಟ್ಟುವುದಾದರೆ ಅವುಗಳ ಒಳಗೆ ಬೆನ್ನೆಲುಬಿನಂತೆ ಒಂದು ಚೌಕಟ್ಟೂ ಇರುತ್ತದೆ. ಈ ಮೂರರ ಕೆಲಸ ಬೇರೆ ಬೇರೆ, ಅವುಗಳ ಮೇಲೆ ಬೀಳುವ ಒತ್ತಡ ಬೇರೆ, ಅವು ಮುಟ್ಟುವ ಅಂಗಾಂಶ ಬೇರೆ. ಹಾಗಾಗಿ ‘ಇಂಪ್ಲಾಂಟ್‌ಗೆ ಪ್ಲಾಸ್ಟಿಕ್ ಸರಿಯೇ?’ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ.

ಟೈಟಾನಿಯಂ ಈ ಜಾಗಕ್ಕೆ ಬಂದದ್ದು ಅಚಾನಕ್ಕಾಗಿ. 1952ರ ಸುಮಾರಿಗೆ ಸ್ವೀಡನ್ನಿನ ಲುಂಡ್‌ನಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ ಎಂದು ನೋಡಲು ಟೈಟಾನಿಯಂನ ಒಂದು ಪುಟ್ಟ ಸಾಧನವನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲಿಲ್ಲ. ಮೂಳೆ ಅದಕ್ಕೆ ಕಚ್ಚಿಕೊಂಡು ಬೆಳೆದಿತ್ತು. ಇನ್ನೊಬ್ಬರಾಗಿದ್ದರೆ ಸಾಧನ ಹಾಳಾಯಿತೆಂದು ಬೈದುಕೊಂಡು ಸುಮ್ಮನಾಗುತ್ತಿದ್ದರೇನೋ. ಬ್ರೋನೆಮಾರ್ಕ್ ಅದರ ಬೆನ್ನು ಹತ್ತಿದರು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ, ಹುಟ್ಟಿನಿಂದಲೇ ದವಡೆಯ ದೋಷವಿದ್ದ ಯೋಸ್ಟಾ ಲಾರ್ಸನ್ ಎಂಬವರಿಗೆ ಟೈಟಾನಿಯಂ ತಿರುಪುಗಳ ಮೇಲೆ ಹಲ್ಲು ಕಟ್ಟಿದರು. 2006ರಲ್ಲಿ ತೀರಿಕೊಳ್ಳುವವರೆಗೆ, ನಲವತ್ತು ವರ್ಷ, ಲಾರ್ಸನ್ ಅದೇ ತಿರುಪುಗಳ ಆಧಾರದಲ್ಲಿ ಊಟ ಮಾಡಿದರು.

ಇದರ ಗುಟ್ಟು ಲೋಹದ ಮೇಲ್ಮೈಯಲ್ಲಿದೆ. ಗಾಳಿ ತಾಗಿದೊಡನೆ ಟೈಟಾನಿಯಂ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ನಮ್ಮ ದೇಹ ನಿಜಕ್ಕೂ ಮುಟ್ಟುವುದು ಈ ಪೊರೆಯನ್ನು. ರಕ್ತ ಅದರ ಮೇಲೆ ಸಲೀಸಾಗಿ ಹರಡುತ್ತದೆ, ಮೂಳೆಯ ಕಣಗಳು ಅಂಟಿ ಕೂರುತ್ತವೆ, ಹೊಸ ಮೂಳೆ ಕಟ್ಟುತ್ತವೆ. ಇಂದು ಸರಿಯಾಗಿ ಹಾಕಿದ ಟೈಟಾನಿಯಂ ಇಂಪ್ಲಾಂಟ್‌ಗಳಲ್ಲಿ ಹತ್ತು ವರ್ಷದ ನಂತರವೂ ಉಳಿಯುವವು ಶೇ 95ರ ಆಸುಪಾಸು. ಪ್ಲಾಸ್ಟಿಕ್ ಪೈಪೋಟಿ ಕೊಡಬೇಕಾದದ್ದು ಈ ದಾಖಲೆಗೆ.

ಹಾಗೆಂದು ಬಾಯಿಗೆ ಪ್ಲಾಸ್ಟಿಕ್ ಹೊಸ ಅತಿಥಿಯೇನಲ್ಲ. ಅಜ್ಜ ಅಜ್ಜಿಯರು ರಾತ್ರಿ ನೀರಿನ ಲೋಟದಲ್ಲಿ ಹಾಕಿಡುತ್ತಿದ್ದ ಹಲ್ಲಿನ ಸೆಟ್ಟಿನ ಗುಲಾಬಿ ಬಣ್ಣದ ಭಾಗ ಅಕ್ರಿಲಿಕ್ ಪ್ಲಾಸ್ಟಿಕ್. 1930ರ ದಶಕದ ಕೊನೆಯಿಂದ ಅದು ಬಳಕೆಯಲ್ಲಿದೆ. ಅದಕ್ಕೂ ಮೊದಲು ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು, ವಲ್ಕನೈಟ್, ಆ ಜಾಗದಲ್ಲಿತ್ತು. ಅಮೆರಿಕದಲ್ಲಿ ಅದರ ಪೇಟೆಂಟ್ ಹಿಡಿದಿದ್ದ ಕಂಪನಿ ದಂತವೈದ್ಯರ ಮೇಲೆ ಎಷ್ಟು ಮೊಕದ್ದಮೆ ಹೂಡಿತೆಂದರೆ, 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯ ಕಂಪನಿಯ ಖಜಾಂಚಿ ಜೊಸಾಯ ಬೇಕನ್‌ನನ್ನು ಗುಂಡಿಟ್ಟು ಕೊಂದೇಬಿಟ್ಟ. ಹಲ್ಲಿನ ವ್ಯಾಪಾರದಲ್ಲಿ ಹೊಸ ವಸ್ತು ಬಂದಾಗ ಹಣದ ಬಿಸಿ ಎಷ್ಟಿರುತ್ತದೆ ಎಂಬುದಕ್ಕೆ ಈ ಕತೆ ನೆನಪಿನಲ್ಲಿರಲಿ.

ಆದರೆ ಪೀಕ್ ಈ ಹಳೆಯ ಪ್ಲಾಸ್ಟಿಕ್‌ಗಳ ಸಾಲಿಗೆ ಸೇರಿದ್ದಲ್ಲ. ಪಾಲಿಈಥರ್‌ಈಥರ್‌ಕೀಟೋನ್ ಎಂಬುದು ಅದರ ಪೂರ್ಣ ಹೆಸರು. ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪನಿಯ ರಸಾಯನತಜ್ಞರು 1970ರ ದಶಕದ ಕೊನೆಗೆ ಅದನ್ನು ತಯಾರಿಸಿದರು. ಬೆನ್‌ಜೀನ್ ಉಂಗುರಗಳನ್ನು ಸರಪಳಿಯಾಗಿ ಪೋಣಿಸಿದಂಥ ರಚನೆ. ಉಂಗುರಗಳು ಗಟ್ಟಿತನ ಕೊಡುತ್ತವೆ, ನಡುವಿನ ಈಥರ್ ಕೊಂಡಿಗಳು ಒಂದಿಷ್ಟು ಬಳುಕು ಕೊಡುತ್ತವೆ. ಅದು ಕರಗಬೇಕಾದರೆ 343 ಡಿಗ್ರಿ ಸೆಲ್ಸಿಯಸ್ ಬೇಕು. ಆಸ್ಪತ್ರೆಯ ಹಬೆಯ ಯಂತ್ರದಲ್ಲಿ ಮತ್ತೆ ಮತ್ತೆ ಬೇಯಿಸಿದರೂ ಆಕಾರ ಕೆಡುವುದಿಲ್ಲ. ಅದರ ತೂಕ ಟೈಟಾನಿಯಂನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ವಿಮಾನ, ತೈಲಬಾವಿ, ಚಿಪ್ ಕಾರ್ಖಾನೆಗಳಲ್ಲಿ ಮೊದಲು ದುಡಿದ ಈ ವಸ್ತುವನ್ನು 1990ರ ದಶಕದಿಂದ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಬಳಸತೊಡಗಿದರು. ಎರಡು ಕಶೇರುಗಳ ನಡುವೆ ಇಡುವ ‘ಕೇಜ್’ಗಳು ಇದರಿಂದಲೇ ತಯಾರಾದವು. ನಮ್ಮ ದೇಶಕ್ಕೂ ಇದರ ನಂಟಿದೆ. ಗುಜರಾತಿನ ಪನೋಲಿಯಲ್ಲಿ ಘರ್ಡಾ ಕೆಮಿಕಲ್ಸ್ ಪೀಕ್ ತಯಾರಿಸುತ್ತಿತ್ತು. ಆ ಘಟಕವನ್ನು ಆಮೇಲೆ ಬೆಲ್ಜಿಯಂನ ಸೊಲ್ವೇ ಕೊಂಡಿತು.

ಪ್ಲಾಸ್ಟಿಕ್ ಎಂದೊಡನೆ ಮನೆಮಂದಿಗೆ ಬರುವ ಮೊದಲ ಸಂಶಯ ವಿಷದ್ದು. ನೀರಿನ ಬಾಟಲಿಗಳ ವಿಚಾರದಲ್ಲಿ ನಾವು ಓದಿರುವ ಬಿಸ್ಫಿನಾಲ್-ಎ ಪೀಕ್‌ನಲ್ಲಿ ಇಲ್ಲ. ಅದರ ತಯಾರಿಕೆಗೆ ಬಳಸುವ ಕಚ್ಚಾವಸ್ತುಗಳೇ ಬೇರೆ. ಮೆದುವಾಗಲಿ ಎಂದು ಬೆರೆಸುವ ಎಣ್ಣೆಯಂಥ ರಾಸಾಯನಿಕಗಳೂ ಇಲ್ಲ. ದೇಹದೊಳಗೆ ಅದು ತಟಸ್ಥವಾಗಿ ಕುಳಿತಿರುತ್ತದೆ. ಈ ತಟಸ್ಥತೆಯೇ ಮುಂದೆ ತೊಡಕಾಗುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ಜಾಹೀರಾತಿನ ಅತಿ ದೊಡ್ಡ ವಾದ ‘ಮೂಳೆಯಂತೆಯೇ ಬಾಗುತ್ತದೆ’ ಎಂಬುದು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದು ವಸ್ತು ಬಾಗಲು ಎಷ್ಟು ಮೊಂಡುತನ ತೋರುತ್ತದೆ ಎಂಬುದನ್ನು ಎಂಜಿನಿಯರುಗಳು ಗಿಗಾಪ್ಯಾಸ್ಕಲ್ ಲೆಕ್ಕದಲ್ಲಿ ಅಳೆಯುತ್ತಾರೆ. ದವಡೆಯ ಹೊರಪದರದ ಗಟ್ಟಿ ಮೂಳೆಗೆ ಈ ಅಂಕಿ ಸುಮಾರು 14ರಿಂದ 20. ಟೈಟಾನಿಯಂಗೆ 100ರಿಂದ 110. ಬಿಳಿ ಪಿಂಗಾಣಿಯಂತೆ ಕಾಣುವ ಜಿರ್ಕೋನಿಯಾಗೆ 200ರ ಮೇಲೆ. ಬರಿಯ ಪೀಕ್‌ಗೆ 3ರಿಂದ 4. ಅಂದರೆ ಬರಿಯ ಪೀಕ್ ಮೂಳೆಯಂತಿಲ್ಲ. ಗಟ್ಟಿ ಮೂಳೆಗಿಂತ ನಾಲ್ಕೈದು ಪಟ್ಟು ಮೆದು. ಅದಕ್ಕೆ ಕಾರ್ಬನ್ ನಾರು ಬೆರೆಸಿದರೆ ಅಂಕಿ 18ರ ಹತ್ತಿರ ಬರುತ್ತದೆ, ಆಗ ಮೂಳೆಗೆ ಸರಿಸಾಟಿ. ಆದರೆ ಕಾರ್ಬನ್ ಸೇರಿದ ಪೀಕ್ ಕಪ್ಪು. ತೆಳು ವಸಡಿನ ಕೆಳಗಿನಿಂದ ಅದು ನೆರಳಿನಂತೆ ಕಾಣುತ್ತದೆ, ಮುಂದಿನ ಹಲ್ಲಿಗಂತೂ ಯಾರೂ ಒಪ್ಪುವುದಿಲ್ಲ. ಕರಪತ್ರಗಳು ಒಂದರ ಗುಣವನ್ನೂ ಇನ್ನೊಂದರ ಬಣ್ಣವನ್ನೂ ಜೋಡಿಸಿ ಹೇಳುವುದುಂಟು.

ಬಾಗುವಿಕೆ ಬೇಕೆನ್ನಲು ಕಾರಣವೂ ಇದೆ. ಸೊಂಟದ ಕೀಲು ಬದಲಿಸುವಾಗ ತೊಡೆಮೂಳೆಯೊಳಗೆ ಲೋಹದ ದಪ್ಪ ಸಲಾಕೆ ಇಳಿಸಿದರೆ ಮೈಭಾರವನ್ನೆಲ್ಲ ಅದೇ ಹೊತ್ತುಕೊಳ್ಳುತ್ತದೆ. ಕೆಲಸವಿಲ್ಲದ ಮೂಳೆ ಸೊರಗುತ್ತದೆ. ದವಡೆಯಲ್ಲೂ ಹೀಗೇ ಆಗಬಹುದು, ಆದ್ದರಿಂದ ಮೆದು ವಸ್ತು ಬೇಕು ಎಂಬುದು ವಾದ. ಜೊತೆಗೆ, ಹುಟ್ಟುಹಲ್ಲಿಗೂ ಮೂಳೆಗೂ ನಡುವೆ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ದಪ್ಪದ ನಾರಿನ ಪದರವಿದೆ. ಕಲ್ಲು ಕಚ್ಚಿದಾಗ ಹಲ್ಲು ಕೂದಲೆಳೆಯಷ್ಟು ಕುಸಿದು ಏಟನ್ನು ನುಂಗುತ್ತದೆ. ಮೂಳೆಗೆ ನೇರ ಅಂಟಿದ ಇಂಪ್ಲಾಂಟ್‌ಗೆ ಆ ಮೆತ್ತೆ ಇಲ್ಲ. ಪ್ಲಾಸ್ಟಿಕ್ ಆ ಮೆತ್ತೆಯ ಕೆಲಸ ಮಾಡಲಿ ಎಂಬ ಆಸೆ ಸಹಜವೇ.

ಆದರೆ ದವಡೆಯ ತಿರುಪು ತೊಡೆಮೂಳೆಯ ಸಲಾಕೆಯಲ್ಲ. ಗಟ್ಟಿ ನೆಲದಲ್ಲಿ ಒಂದು ಕಬ್ಬಿಣದ ಹಾರೆಯನ್ನೂ ಒಂದು ಹಸಿ ಬಿದಿರ ಗಳವನ್ನೂ ಒಂದೇ ಆಳಕ್ಕೆ ಹುಗಿದು, ಎರಡರ ತುದಿಯನ್ನೂ ಹಿಡಿದು ಅಲುಗಿಸಿ ನೋಡಿ. ಹಾರೆ ತನ್ನ ಉದ್ದಕ್ಕೂ ಮಣ್ಣಿಗೆ ಬಲವನ್ನು ಹಂಚುತ್ತದೆ. ಗಳವಾದರೋ ನೆಲಮಟ್ಟದಲ್ಲೇ ಬಾಗುತ್ತದೆ. ಬುಡದ ಸುತ್ತಲಿನ ಮಣ್ಣು ಮೊದಲು ಸಡಿಲವಾಗುತ್ತದೆ, ಕೆಳಗಿನ ಮಣ್ಣಿಗೆ ಸುದ್ದಿಯೇ ಮುಟ್ಟುವುದಿಲ್ಲ. ಇಂಪ್ಲಾಂಟ್‌ನಲ್ಲಿ ಈ ನೆಲಮಟ್ಟವೆಂದರೆ ವಸಡಿನ ಕೆಳಗಿನ ಮೂಳೆಯ ಅಂಚು. ಇಂಪ್ಲಾಂಟ್ ಕೆಟ್ಟಾಗ ಸಾಮಾನ್ಯವಾಗಿ ಮೊದಲು ಕರಗುವ ಮೂಳೆ ಅದೇ. ಕಾರ್ಬನ್ ನಾರಿನ ಪೀಕ್ ಮತ್ತು ಟೈಟಾನಿಯಂ ತಿರುಪುಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಪೀಕ್‌ನಿಂದ ಒತ್ತಡ ಹಂಚಿಕೆಯಲ್ಲಿ ಲಾಭವೇನೂ ಇಲ್ಲ, ತಿರುಪಿನ ಕುತ್ತಿಗೆಯ ಭಾಗದಲ್ಲಿ ಒತ್ತಡ ಇನ್ನೂ ಒಟ್ಟುಗೂಡುತ್ತದೆ ಎಂದೇ ತೋರಿಸಿತು. ಮೆದುತನವೇ ಗುಣ ಎಂಬ ವಾದ ಇಲ್ಲಿ ತಿರುಗುಬಾಣವಾಗುತ್ತದೆ.

ಬಲದ ಲೆಕ್ಕವೂ ಇದೆ. ಹಿಂದಿನ ದವಡೆಹಲ್ಲುಗಳ ಮೇಲೆ ಗಟ್ಟಿಯಾಗಿ ಕಚ್ಚಿದರೆ ಐವತ್ತು ಅರವತ್ತು ಕಿಲೋ ತೂಕದಷ್ಟು ಬಲ ಬೀಳಬಹುದು. ತಿರುಪಿನ ಒಳಗೆ ಇನ್ನೊಂದು ಸಣ್ಣ ಸ್ಕ್ರೂ ಕೂರಬೇಕಾದ್ದರಿಂದ ಅದರ ಗೋಡೆ ತೆಳ್ಳಗಿರುತ್ತದೆ. ಎಳೆತವನ್ನು ತಡೆಯುವ ಶಕ್ತಿ ಬರಿಯ ಪೀಕ್‌ನಲ್ಲಿ 100 ಮೆಗಾಪ್ಯಾಸ್ಕಲ್ ಹತ್ತಿರ; ಇಂಪ್ಲಾಂಟ್‌ಗೆ ಬಳಸುವ ಟೈಟಾನಿಯಂನಲ್ಲಿ ಅದರ ಐದು ಪಟ್ಟು. ತೆಳು ಗೋಡೆಯ ಪ್ಲಾಸ್ಟಿಕ್ ತಿರುಪು ದಿನಕ್ಕೆ ಸಾವಿರ ಸಲ ಅಗಿಯುವಿಕೆಯನ್ನು ವರ್ಷಗಟ್ಟಲೆ ತಾಳಬೇಕು ಎಂದಾಗ ಎಂಜಿನಿಯರು ಯೋಚನೆಗೆ ಬೀಳುತ್ತಾನೆ.

ಇದಕ್ಕಿಂತ ದೊಡ್ಡ ತೊಡಕು ಮೂಳೆಯ ಕಡೆಯದು. ಪೀಕ್‌ನ ಮೇಲ್ಮೈ ನೀರನ್ನು ಹತ್ತಿರ ಸೇರಿಸುವುದಿಲ್ಲ. ರಕ್ತ ಅದರ ಮೇಲೆ ಹರಡಿಕೊಳ್ಳಲು ಹಿಂಜರಿಯುತ್ತದೆ, ಮೂಳೆಯ ಕಣಗಳಿಗೆ ಹಿಡಿತ ಸಿಗುವುದಿಲ್ಲ. ದೇಹ ಅದನ್ನು ದ್ವೇಷಿಸುವುದಿಲ್ಲ, ಹಾಗೆಂದು ತನ್ನದಾಗಿಯೂ ಮಾಡಿಕೊಳ್ಳುವುದಿಲ್ಲ. ಸುತ್ತ ತೆಳುವಾದ ನಾರಿನ ಚೀಲ ಹೊಲಿದು ಪಕ್ಕಕ್ಕಿಡುತ್ತದೆ. 1960ರ ದಶಕದಲ್ಲಿ ಅಕ್ರಿಲಿಕ್‌ನಿಂದ ಹಲ್ಲಿನ ಬೇರಿನ ಪ್ರತಿರೂಪ ಮಾಡಿ ದವಡೆಯಲ್ಲಿ ನೆಟ್ಟು ನೋಡಿದವರೂ ಈ ನಾರಿನ ಪದರವನ್ನೇ ಎದುರಿಸಿದ್ದರು. ನಾಯಿಗಳ ದವಡೆಯಲ್ಲಿ ಟೈಟಾನಿಯಂ, ಜಿರ್ಕೋನಿಯಾ ಮತ್ತು ಪೀಕ್ ಇಂಪ್ಲಾಂಟ್‌ಗಳನ್ನು ಒಟ್ಟಿಗೆ ಹಾಕಿ ನೋಡಿದ ಪ್ರಯೋಗದಲ್ಲಿ, ಮೂಳೆ ಅತಿ ಕಡಿಮೆ ತಾಗಿಕೊಂಡಿದ್ದುದು ಪೀಕ್‌ಗೆ. ಬೆನ್ನುಮೂಳೆಯ ಅನುಭವ ಇನ್ನೂ ಸ್ಪಷ್ಟ. ಅಲ್ಲಿ ಒಂದು ಕಾಲಕ್ಕೆ ಪೀಕ್ ರಾಜನಾಗಿ ಮೆರೆದಿತ್ತು. ಎಕ್ಸ್‌ರೇಯಲ್ಲಿ ಕೇಜ್‌ನ ಸುತ್ತ ಖಾಲಿ ಪಟ್ಟಿ ಕಾಣತೊಡಗಿದ ಮೇಲೆ ಕಂಪನಿಗಳು ಪೀಕ್‌ಗೆ ಟೈಟಾನಿಯಂ ಲೇಪ ಹಚ್ಚಿದವು. ಆಮೇಲೆ ತ್ರೀ-ಡಿ ಮುದ್ರಣದ, ಸ್ಪಂಜಿನಂತೆ ತೂತುಗಳುಳ್ಳ ಟೈಟಾನಿಯಂ ಕೇಜ್‌ಗಳು ಬಂದು ಜಾಗ ಹಿಡಿದವು. ಪ್ಲಾಸ್ಟಿಕ್ ಅತಿ ಹೆಚ್ಚು ಗೆದ್ದಿದ್ದ ಕ್ಷೇತ್ರವೇ ಮರಳಿ ಲೋಹದ ಕಡೆ ವಾಲುತ್ತಿರುವಾಗ, ಹಲ್ಲಿನವರು ಅದೇ ಪ್ಲಾಸ್ಟಿಕ್ಕನ್ನು ನಾಳಿನ ವಸ್ತುವೆಂದು ಮಾರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಸಂಶೋಧಕರು ಕೈಕಟ್ಟಿ ಕೂತಿಲ್ಲ. ಪೀಕ್ ಅನ್ನು ಗಂಧಕಾಮ್ಲದಲ್ಲಿ ಅದ್ದಿ ಮೇಲ್ಮೈಯಲ್ಲಿ ಸೂಕ್ಷ್ಮ ರಂಧ್ರಗಳನ್ನು ಮಾಡುತ್ತಾರೆ, ಪ್ಲಾಸ್ಮಾದಿಂದ ಅದನ್ನು ನೀರಿಗೆ ಒಲಿಸುತ್ತಾರೆ, ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್ ಅನ್ನು ಒಳಗೆ ಬೆರೆಸುತ್ತಾರೆ ಅಥವಾ ಮೇಲೆ ಲೇಪಿಸುತ್ತಾರೆ. ಪ್ರಯೋಗಾಲಯದ ತಟ್ಟೆಯಲ್ಲೂ ಮೊಲಗಳಲ್ಲೂ ಫಲಿತಾಂಶ ಚೆನ್ನಾಗಿದೆ. ಮೆದು ವಸ್ತುವಿನ ಮೇಲಿನ ಗಟ್ಟಿ ಲೇಪ ತಿರುಪು ಹಾಕುವಾಗಲೇ ಸುಲಿದುಹೋದರೆ ಏನು ಗತಿ ಎಂಬುದು ಉಳಿದಿರುವ ಪ್ರಶ್ನೆ. ಫಿನ್ಲೆಂಡಿನ ಟುರ್ಕುವಿನ ತಂಡ ಇನ್ನೊಂದು ದಾರಿ ಹಿಡಿದಿದೆ: ಗಾಜಿನ ನಾರು ಮತ್ತು ಮೂಳೆಯನ್ನು ಆಕರ್ಷಿಸುವ ವಿಶೇಷ ಗಾಜನ್ನು ಸೇರಿಸಿ ತಲೆಬುರುಡೆಯ ತುಂಡುಗಳನ್ನು ಮಾಡುತ್ತಿದೆ. ಆದರೆ ಬುರುಡೆಯ ಮೇಲೆ ಯಾರೂ ಚಕ್ಕುಲಿ ಕಡಿಯುವುದಿಲ್ಲ. ಮನುಷ್ಯರ ದವಡೆಯಲ್ಲಿ ಪ್ಲಾಸ್ಟಿಕ್ ತಿರುಪುಗಳ ಅನುಭವ ತೀರಾ ಕಡಿಮೆ. ಇರುವುದರಲ್ಲಿ ಎಲ್ಲವೂ ಸಿಹಿಯಲ್ಲ. ಪೀಕ್ ಆಧಾರಿತ ಮಿಶ್ರವಸ್ತುವಿನ ಇಂಪ್ಲಾಂಟ್ ಹಾಕಿಸಿಕೊಂಡ ಮೂವರಲ್ಲಿ ತೀವ್ರ ಸೋಂಕಾದದ್ದನ್ನು ಫ್ರಾನ್ಸಿನ ಶಸ್ತ್ರವೈದ್ಯರು 2014ರಲ್ಲಿ ವರದಿ ಮಾಡಿದರು.

ಈಗ ವಸಡಿನ ಮೇಲಕ್ಕೆ ಬರೋಣ. ಇಲ್ಲಿ ಚಿತ್ರ ಪೂರ್ತಿ ಬದಲಾಗುತ್ತದೆ, ಏಕೆಂದರೆ ಇಲ್ಲಿ ಮೂಳೆ ಬೆಳೆಯಬೇಕಾಗಿಲ್ಲ.

ತಿರುಪು ಹಾಕಿ ವಸಡು ಮಾಗುವವರೆಗೆ ಮುಚ್ಚುವ ಹೀಲಿಂಗ್ ಕ್ಯಾಪ್, ಕೆಲವು ತಿಂಗಳ ಮಟ್ಟಿಗೆ ಹಾಕುವ ತಾತ್ಕಾಲಿಕ ಅಬಟ್‌ಮೆಂಟ್ ಎರಡನ್ನೂ ಪೀಕ್‌ನಿಂದ ಮಾಡುವುದು ಎಷ್ಟೋ ಕಡೆ ರೂಢಿಯಾಗಿದೆ. ಕುರ್ಚಿಯ ಪಕ್ಕದಲ್ಲೇ ತೇದು ಆಕಾರ ಕೊಡಬಹುದು, ಬಣ್ಣ ಹಲ್ಲಿಗೆ ಹತ್ತಿರ. ಕ್ಯಾಮೆರಾದಿಂದ ಬಾಯಿಯ ಅಳತೆ ತೆಗೆಯುವಾಗ ಇಂಪ್ಲಾಂಟ್‌ಗೆ ತಿರುಗಿಸುವ ಬಿಳಿ ಗುರುತುಗೂಟಗಳು, ಸ್ಕ್ಯಾನ್ ಬಾಡಿಗಳು, ಹೆಚ್ಚಾಗಿ ಪೀಕ್‌ನವೇ. ಲೋಹದ ಹೊಳಪು ಕ್ಯಾಮೆರಾಕ್ಕೆ ತೊಂದರೆ ಕೊಡುತ್ತದೆ. ‘ಪ್ಲಾಸ್ಟಿಕ್ ಬೇಡ’ ಎಂದು ಹಟ ಹಿಡಿದ ರೋಗಿಯ ಬಾಯಲ್ಲೂ ಪೀಕ್ ಆಗಲೇ ಒಂದು ಸುತ್ತು ಹೋಗಿ ಬಂದಿರುತ್ತದೆ.

ಅದರ ನಿಜವಾದ ಗೆಲುವು ಚೌಕಟ್ಟುಗಳಲ್ಲಿ. ತೆಗೆದು ಹಾಕುವ ಹಲ್ಲಿನ ಸೆಟ್ಟಿಗೆ ಕೋಬಾಲ್ಟ್-ಕ್ರೋಮಿಯಂನ ಚೌಕಟ್ಟು, ಹಲ್ಲನ್ನು ಹಿಡಿಯುವ ಲೋಹದ ಕೊಕ್ಕೆಗಳು ನಮಗೆ ಪರಿಚಿತ. ನಕ್ಕಾಗ ಮಿನುಗುವ ಆ ತಂತಿ ಎಷ್ಟು ಮಂದಿಯ ನಗುವನ್ನು ಕಿತ್ತುಕೊಂಡಿದೆಯೋ. ಪೀಕ್‌ನ ಕೊಕ್ಕೆ ಬಳುಕುತ್ತದೆ, ಪಕ್ಕದ ಹಲ್ಲನ್ನು ಹೆಚ್ಚು ಎಳೆಯುವುದಿಲ್ಲ, ಬಾಯಲ್ಲಿ ಲೋಹದ ರುಚಿಯಿಲ್ಲ. ದವಡೆಯಲ್ಲಿ ನಾಲ್ಕು ಅಥವಾ ಆರು ಟೈಟಾನಿಯಂ ತಿರುಪುಗಳನ್ನು ಹಾಕಿ ಇಡೀ ಸಾಲಿನ ಹಲ್ಲು ಕಟ್ಟುವಾಗಲೂ ಒಳಗಿನ ಚೌಕಟ್ಟಿಗೆ ಪೀಕ್, ಅದರ ದಾಯಾದಿ ಪೆಕ್, ಅಥವಾ ಶೇ 20ರಷ್ಟು ಸೆರಾಮಿಕ್ ಪುಡಿ ಬೆರೆಸಿದ ಪೀಕ್ ಬಳಕೆಗೆ ಬಂದಿವೆ. ಕಚ್ಚಿದ ಏಟನ್ನು ಒಂದಿಷ್ಟು ನುಂಗುವ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾಗಿದರೆ ಬಾಗುವುದು ಚೌಕಟ್ಟೇ ಹೊರತು ಮೂಳೆಯ ಅಂಚಿನಲ್ಲಿರುವ ತಿರುಪಲ್ಲ. ಲ್ಯಾಬ್‌ನವರಿಗೂ ಅನುಕೂಲ: ಬಿಲ್ಲೆಯಂಥ ಗಟ್ಟಿಯಿಂದ ಕಂಪ್ಯೂಟರ್ ಯಂತ್ರ ಕೊರೆದು ತೆಗೆಯುತ್ತದೆ, ಲೋಹ ಕರಗಿಸಿ ಎರಕ ಹೊಯ್ಯುವ ರಗಳೆಯಿಲ್ಲ. ದೋಷಗಳೂ ಇವೆ. ಪೀಕ್ ಮಬ್ಬು ಬಣ್ಣದ್ದು, ಬೆಳಕು ಹಾಯುವುದಿಲ್ಲ. ಹಲ್ಲಿನಂತೆ ಕಾಣಲು ಮೇಲೆ ರೆಸಿನ್ ಪದರ ಕೊಡಬೇಕು. ಯಾವುದಕ್ಕೂ ಸುಲಭಕ್ಕೆ ಅಂಟದ ವಸ್ತು ಅದು. ಮರಳಿನಂಥ ಪುಡಿ ಹೊಡೆದು ಒರಟು ಮಾಡಿ, ವಿಶೇಷ ಅಂಟು ಹಚ್ಚದಿದ್ದರೆ ಆ ಪದರ ಸಿಪ್ಪೆಯಂತೆ ಎದ್ದುಬರುತ್ತದೆ.

ಅಲರ್ಜಿಯ ಭಯದ ಬಗ್ಗೆ ಒಂದು ಮಾತು. ಟೈಟಾನಿಯಂ ಅಲರ್ಜಿ ಇಲ್ಲವೇ ಇಲ್ಲ ಎನ್ನಲಾಗದು. ಸ್ಪೇನ್‌ನಲ್ಲಿ 1,500 ಇಂಪ್ಲಾಂಟ್ ರೋಗಿಗಳನ್ನು ಒಳಗೊಂಡು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷೆಗೆ ಚರ್ಮ ಪ್ರತಿಕ್ರಿಯಿಸಿದ್ದು 9 ಮಂದಿಯದು, ಶೇ 0.6. ಬೇರೆ ಲೋಹಗಳಿಗೆ ಗಂಭೀರ ಅಲರ್ಜಿ ಆದವರು ಮೊದಲೇ ವೈದ್ಯರಿಗೆ ಹೇಳಬೇಕು. ಉಳಿದವರು ಈ ಕಾರಣಕ್ಕೆ ನಿದ್ದೆಗೆಡಬೇಕಿಲ್ಲ. ಎಂ.ಆರ್.ಐ. ಭಯಕ್ಕೂ ಅಷ್ಟೇ ಆಧಾರ. ಟೈಟಾನಿಯಂ ಅಯಸ್ಕಾಂತಕ್ಕೆ ಸೆಳೆಯಲ್ಪಡುವುದಿಲ್ಲ, ಇಂಪ್ಲಾಂಟ್ ಇದ್ದವರೂ ಸ್ಕ್ಯಾನ್ ಮಾಡಿಸಬಹುದು. ಅದರ ಪಕ್ಕದ ಚಿತ್ರದಲ್ಲಿ ಮಾತ್ರ ಕಲೆ ಬೀಳುತ್ತದೆ. ಪೀಕ್ ಎಕ್ಸ್‌ರೇಗೆ ಪಾರದರ್ಶಕ, ಸ್ಕ್ಯಾನಿಂಗ್‌ಗೆ ಅಡ್ಡಿಯಾಗುವುದಿಲ್ಲ; ಹಾಗೆಂದು ಈ ಪಾರದರ್ಶಕತೆ ಎಲ್ಲ ಸಲವೂ ವರವಲ್ಲ. ಎಕ್ಸ್‌ರೇಯಲ್ಲಿ ಕಾಣದ ತಿರುಪಿನ ಪಕ್ಕದಲ್ಲಿ ಮೂಳೆ ಎಷ್ಟು ಕರಗಿದೆ ಎಂದು ಅಳೆಯುವುದು ಹೇಗೆ? ಅದಕ್ಕೆಂದೇ ಪೀಕ್‌ಗೆ ಬೇರಿಯಂ ಸಲ್ಫೇಟ್ ಬೆರೆಸಿ ಕಾಣುವಂತೆ ಮಾಡಬೇಕಾಗುತ್ತದೆ.

ಪಾರದರ್ಶಕತೆ ನಿಜಕ್ಕೂ ಬೆಲೆಬಾಳುವ ಜಾಗವೊಂದಿದೆ. ಎಲೆಅಡಿಕೆ, ಗುಟ್ಕಾ, ತಂಬಾಕಿನ ನಾಡಾದ ನಮ್ಮಲ್ಲಿ ಬಾಯಿ ಕ್ಯಾನ್ಸರ್ ಕಡಿಮೆಯೇನಿಲ್ಲ. ದವಡೆಯ ಭಾಗ ತೆಗೆದು ಲೋಹದ ಪಟ್ಟಿ ಕೂರಿಸಿದವರಿಗೆ ಮುಂದೆ ವಿಕಿರಣ ಚಿಕಿತ್ಸೆ ಕೊಡುವಾಗ, ಸಿ.ಟಿ. ಚಿತ್ರದಲ್ಲಿ ಲೋಹ ಚೆಲ್ಲುವ ಗೀರುಗಳು ಲೆಕ್ಕವನ್ನು ಕಷ್ಟವಾಗಿಸುತ್ತವೆ. ಕಾರ್ಬನ್ ನಾರಿನ ಪೀಕ್ ಪಟ್ಟಿಗಳಿಗೆ ಅಲ್ಲಿ ಅರ್ಥವಿದೆ. ಪೀಕ್‌ನ ಭವಿಷ್ಯ ಒಂದೊಂದು ಹಲ್ಲಿನ ತಿರುಪಿಗಿಂತ ಇಂಥ ಕಡೆಯೇ ಹೆಚ್ಚು ಎಂದು ನನ್ನ ಅನಿಸಿಕೆ.

ಲೋಹ ಬೇಡವೇ ಬೇಡ ಎನ್ನುವವರಿಗೆ ಇಂದು ಹೇಳಬಹುದಾದ ಹೆಸರು ಜಿರ್ಕೋನಿಯಾ. ಅದು ಸೆರಾಮಿಕ್; ಮೂಳೆ ಅದಕ್ಕೆ ಚೆನ್ನಾಗಿ ಅಂಟುತ್ತದೆ, ಬಿಳಿಯಾಗಿದೆ. ಟೈಟಾನಿಯಂನಷ್ಟು ದೀರ್ಘ ದಾಖಲೆ ಅದಕ್ಕಿಲ್ಲ, ಮುರಿದರೆ ಒಮ್ಮೆಲೇ ಮುರಿಯುತ್ತದೆ, ಆದರೂ ತಿರುಪಿನ ವಿಚಾರದಲ್ಲಿ ಪ್ಲಾಸ್ಟಿಕ್‌ಗಿಂತ ಬಹಳ ಮುಂದಿದೆ.

ಆದ್ದರಿಂದ ನಿಮಗೆ ಯಾರಾದರೂ ‘ಪೀಕ್ ಇಂಪ್ಲಾಂಟ್’ ಎಂದರೆ, ಪೀಕ್ ಎಂಬುದು ಯಾವ ಭಾಗ ಎಂದು ಮೊದಲು ಕೇಳಿ. ಚೌಕಟ್ಟು, ತಾತ್ಕಾಲಿಕ ಗೂಟ, ಸೆಟ್ಟಿನ ಕೊಕ್ಕೆ ಎಂದರೆ ಧೈರ್ಯವಾಗಿ ಒಪ್ಪಬಹುದು. ಮೂಳೆಯೊಳಗಿನ ತಿರುಪೇ ಪ್ಲಾಸ್ಟಿಕ್ ಎಂದರೆ, ಮನುಷ್ಯರಲ್ಲಿ ಐದು ವರ್ಷ ದಾಟಿದ ಫಲಿತಾಂಶ ಎಲ್ಲಿದೆ ಎಂದು ಕೇಳಿ. ತೃಪ್ತಿಕರ ಉತ್ತರ ಬರುವವರೆಗೆ ಕಾಯಿರಿ. ಕಾರ್ಖಾನೆಯ ಗೇರಿಗೆ ಬಳಸುವ ಪೀಕ್ ಬೇರೆ, ದೇಹದೊಳಗಿಡಲು ತಯಾರಿಸಿದ ವೈದ್ಯಕೀಯ ದರ್ಜೆಯದು ಬೇರೆ. ನೋಡಲು ಎರಡೂ ಒಂದೇ, ಬೆಲೆಯಲ್ಲಿ ಅಜಗಜಾಂತರ. ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. ಇಂಪ್ಲಾಂಟ್‌ನ ಪೆಟ್ಟಿಗೆಯ ಮೇಲೆ ಕಂಪನಿ, ಅಳತೆ, ಲಾಟ್ ಸಂಖ್ಯೆಯ ಚೀಟಿ ಇರುತ್ತದೆ. ಆ ಚೀಟಿಯ ಒಂದು ಪ್ರತಿಯನ್ನು ಕೇಳಿ ಪಡೆದು ಮನೆಯ ಕಡತದಲ್ಲಿಡಿ. ಹತ್ತು ವರ್ಷದ ನಂತರ ಇನ್ನೊಂದೂರಿನ ವೈದ್ಯರು ನಿಮ್ಮ ಬಾಯಿ ನೋಡಿ ಸರಿಯಾದ ಸ್ಕ್ರೂ ಹುಡುಕಬೇಕಾದಾಗ ಅವರಿಗೆ ಬೇಕಾಗುವುದು ಆ ಚೀಟಿಯೇ.